ಮೂರು ಹಿಡಿ ಮಣ್ಣಿನ ಕಳ್ಳಸಾಗಣೆ

ಇಪ್ಪತ್ತಮೂರನೇ ಗೇಟಿನ ಕೀಲಿ ಇಟ್ಟುಕೊಂಡಿರುವ ಮಾನ್ಯ ಗಡಿ ಅಧಿಕಾರಿಗಳೇ,

ನಿಮ್ಮ ನೋಟೀಸು ಕೈಸೇರಿದೆ. ನನ್ನ ಅಬ್ಬಾ, ಶಾಲುಕ್‌ಡಾಂಗಾ ಗ್ರಾಮದ ಅಫ್ಸರುದ್ದೀನ್ ಮಂಡಲ್, ವಯಸ್ಸು ಎಂಬತ್ತನಾಲ್ಕು, 'ಗುರುತಿಸಲಾಗದ ವಸ್ತುವನ್ನು ಅಂತರರಾಷ್ಟ್ರೀಯ ಗಡಿಯಾಚೆ ಮೂರು ಬಾರಿ ಎಸೆದಿರುವುದು ಕಂಡುಬಂದಿದೆ' ಎಂದು ಬರೆದು ಕಾರಣ ಕೇಳಿದ್ದೀರಿ. ಎಸೆದದ್ದು ನಿಜ. ಮೂರು ಬಾರಿ ಎಂಬುದೂ ನಿಜ. ಆದರೆ ಆ ವಸ್ತುವನ್ನು ಗುರುತಿಸಲು ನಿಮ್ಮಿಂದ ಆಗಲಿಲ್ಲವೆಂದರೆ ನಾನೇ ಹೇಳುತ್ತೇನೆ. ಅದು ಮಣ್ಣು. ನಿಮ್ಮ ಬೂಟಿಗೆ ದಿನವೂ ಮೆತ್ತಿಕೊಳ್ಳುವುದು, ಜವಾನರ ಕೈಲಿ ನೀವು ದಿನವೂ ಒರೆಸಿಕೊಳ್ಳುವುದು ಅದನ್ನೇ.

ಈ ಅಪರಾಧಕ್ಕಾಗಿ ಅಬ್ಬಾನ ಗುರುತಿನ ಕಾರ್ಡನ್ನು ಕಿತ್ತುಕೊಂಡು ಇಂದಿಗೆ ಹತ್ತೊಂಬತ್ತು ದಿನ. ಬರುವ ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಖುದ್ದು ವಿಚಾರಣೆಗೆ ಹಾಜರಾಗಬೇಕಂತೆ, ತಪ್ಪಿದರೆ ಕಾರ್ಡು ಕಾಯಂ ರದ್ದಂತೆ. ನಿಮ್ಮ ಕಚೇರಿ ಬೇಲಿಯ ಒಳಗಿದೆ. ನಮ್ಮ ಮನೆ ಬೇಲಿಯ ಹೊರಗಿದೆ. ಗೇಟು ದಾಟಲು ಕಾರ್ಡು ಬೇಕು. ಕಾರ್ಡು ನಿಮ್ಮ ಮೇಜಿನ ಡ್ರಾಯರಿನಲ್ಲಿದೆ. ಇಷ್ಟು ಸೊಗಸಾದ ಬೋನನ್ನು ಹೆಣೆದವರು ಯಾರು? ನೀವೊಬ್ಬರೇ ಕೂತು ಯೋಚಿಸಿದಿರೋ, ಅಥವಾ ಇದಕ್ಕೂ ಒಂದು ಸಮಿತಿ ಇತ್ತೋ?

ಮೊನ್ನೆ ಅಬ್ಬಾನನ್ನು ಕೈಹಿಡಿದು ಗೇಟಿನವರೆಗೆ ಕರೆದೊಯ್ದೆ.

"ಕಾರ್ಡ್ ಎಲ್ಲಿ?" ಎಂದ ನಿಮ್ಮ ಜವಾನ.

"ನಿಮ್ಮ ಸಾಹೇಬರ ಹತ್ರ."

"ಹಾಗಾದ್ರೆ ಹೋಗಿ ಇಸ್ಕೊಂಡು ಬನ್ನಿ."

"ಹೋಗೋಕೆ ಗೇಟು ತೆಗಿಯಪ್ಪ."

"ಕಾರ್ಡ್ ತೋರ್ಸಿ, ತೆಗೀತೀನಿ."

ಅಬ್ಬಾ ನಕ್ಕುಬಿಟ್ಟ. ಉಬ್ಬಸದವನು ನಕ್ಕರೆ ಆಮೇಲೆ ಅರ್ಧ ಗಂಟೆ ಕೆಮ್ಮಬೇಕು. ಗೇಟಿನ ಮುಂದೆ ಕೂತು ಕೆಮ್ಮಿ ವಾಪಸು ಬಂದೆವು. ನನ್ನ ಕಾರ್ಡು ತೋರಿಸಿ ನಾನೊಬ್ಬಳೇ ಹೋದಾಗ ಬೇಲಿಯೊಳಗಿನ ಆಸ್ಪತ್ರೆಯ ಡಾಕ್ಟರು ಹೇಳಿದ್ದು ಇಷ್ಟೇ: "ದೀದಿ, ಎದೆಗೆ ಕಿವಿ ಇಡದೆ ನಾನು ಔಷಧಿ ಬದಲಾಯಿಸಲ್ಲ. ಅವರನ್ನ ಕರ್ಕೊಂಡು ಬನ್ನಿ, ಬೇಗ." ಆ 'ಬೇಗ' ಎಂಬ ಮಾತನ್ನು ನಿಮ್ಮ ಕಚೇರಿಯ ಭಾಷೆಗೆ ಹೇಗೆ ಅನುವಾದಿಸುತ್ತೀರೋ ಗೊತ್ತಿಲ್ಲ. ನಿಮ್ಮ ಅನುವಾದದ ರುಚಿ ನಾವು ಈಗಾಗಲೇ ಕಂಡಿದ್ದೇವೆ. ಆ ವಿಷಯಕ್ಕೆ ಬರುತ್ತೇನೆ.

ಮೊದಲು, ನೀವು ಕಾಯುತ್ತಿರುವ ಗೆರೆಯ ಕತೆ ಕೇಳಿ. ನಕಾಶೆಯಲ್ಲಿ ಅದು ನಿಮಗೆ ಕೆಂಪು ಶಾಯಿ. ನಮಗೆ ಅದು ಮನೆಯ ವಿಚಾರ. ನಲವತ್ತೇಳರಲ್ಲಿ ಅಬ್ಬಾನಿಗೆ ಏಳು ವರ್ಷ, ಅವನ ತಮ್ಮ ತಸಿರುದ್ದೀನ್ ಚಾಚಾನಿಗೆ ಎರಡು. ನಮ್ಮೂರಿನವರು ಮೂರು ದಿನ ಒಂದು ದೇಶದ ಬಾವುಟ ಹಾರಿಸಿದರು. ನಾಲ್ಕನೇ ದಿನ ಯಾರೋ ಸೈಕಲ್ಲಿನಲ್ಲಿ ಬಂದು, "ಅಯ್ಯೋ, ಊರಿನ ಪಶ್ಚಿಮ ಭಾಗ ಆ ದೇಶದ್ದಂತೆ, ಇಳಿಸ್ರೋ" ಎಂದು ಕೂಗಿದ. ಇಳಿಸಿದರು. ಬಟ್ಟೆ ಹಾಳಾಗಬಾರದೆಂದು ನನ್ನ ಅಜ್ಜಿ ಅದರಲ್ಲಿ ಚಾಚಾನಿಗೆ ಅಂಗಿ ಹೊಲಿದಳು. ಅಳತೆಯವರು ಬಂದದ್ದು ಅದಾಗಿ ಐದು ವರ್ಷಕ್ಕೆ. ಸರಪಳಿ, ಗೂಟ, ಛತ್ರಿ ಹಿಡಿದವರು. ಅಜ್ಜನ ಜಗುಲಿಯಲ್ಲಿ ಎರಡು ದಿನ ಇದ್ದರು. ಅಜ್ಜ ಅವರಿಗೆ ತನ್ನ ಮರದ ಹಲಸಿನ ಹಣ್ಣು ಬಿಡಿಸಿ ಕೊಟ್ಟ. ಅವರು ಬಾಯಿ ಒರೆಸಿಕೊಂಡು, ಅಜ್ಜನ ಕೆರೆಯ ನಡುವೆ ಗೆರೆ ಎಳೆದು, ದಂಡೆಯಲ್ಲಿ ಒಂದು ಕಲ್ಲು ನೆಟ್ಟು ಹೋದರು. ಮನೆ ಈ ಕಡೆ. ಅಜ್ಜನ ಅಪ್ಪ ಅಮ್ಮ ಮಲಗಿರುವ ಖಬರಸ್ಥಾನ ಆ ಕಡೆ.

ಆಗ ಅದು ಕಲ್ಲು ಮಾತ್ರ. ಎಮ್ಮೆಗಳು ಮೈ ತುರಿಸಿಕೊಳ್ಳಲು ಅನುಕೂಲವಾಯಿತು. ಅಜ್ಜ ಸತ್ತ ಮೇಲೆ ಅಣ್ಣತಮ್ಮಂದಿರು ಪಾಲಾದರು. ಪೂರ್ವದ ಹೊಲ ಚಾಚಾನಿಗೆ, ಪಶ್ಚಿಮದ್ದು ಅಬ್ಬಾನಿಗೆ. ಗೆರೆ ನೋಡಿ ಹಂಚಿಕೊಂಡದ್ದಲ್ಲ. ಚಾಚಾನಿಗೆ ಕೆರೆಯ ಆಚೆ ದಂಡೆಯ ಗಾಳಿ ಇಷ್ಟ, ಅಷ್ಟೇ. ಹಲಸಿನ ಮರ ಯಾರದೆಂದು ಇಬ್ಬರೂ ಆರು ತಿಂಗಳು ಮಾತು ಬಿಟ್ಟಿದ್ದರು. ಆಮೇಲೆ ನನ್ನ ಅಮ್ಮ ಬೈದು ಇಬ್ಬರನ್ನೂ ಒಂದೇ ತಟ್ಟೆಗೆ ಕೂರಿಸಿದಳು. ನೋಡಿ, ಆರು ತಿಂಗಳಲ್ಲಿ ಒಬ್ಬ ಹೆಂಗಸು ಮುಗಿಸಿದ ಪಾಲಿನ ಜಗಳವಿದು. ಎಪ್ಪತ್ತೊಂದರಲ್ಲಿ ಆ ಕಡೆಯಿಂದ ಜನ ಜೀವ ಹಿಡಿದುಕೊಂಡು ಓಡಿ ಬಂದಾಗ ಚಾಚಾನ ಸಂಸಾರದ ಜೊತೆ ಇನ್ನೂ ನಲವತ್ತು ಮಂದಿ ನಮ್ಮ ದನದ ಕೊಟ್ಟಿಗೆಯಲ್ಲಿ ಉಳಿದರು. ಅಬ್ಬಾ ದಿನವೂ ಹಂಡೆಯಲ್ಲಿ ಖಿಚಡಿ ಬೇಯಿಸಿದ. ಆಗ ಇದೇ ಸರ್ಕಾರದವರು ಬಂದು ಅವನ ಬೆನ್ನು ತಟ್ಟಿ ಹೋದರು. ಅಂದು ಸೌಟು ಹಿಡಿದ ಆ ಕೈಗೇ ಇಂದು ನೀವು ನೋಟೀಸು ಕೊಟ್ಟಿದ್ದೀರಿ.

ಬೇಲಿ ಬಂತು. ಗೆರೆಯ ಮೇಲೆ ಬೇಲಿ ಹಾಕುವ ಹಾಗಿಲ್ಲವಂತೆ, ನೂರೈವತ್ತು ಗಜ ಒಳಗೆ ಹಾಕಬೇಕಂತೆ. ಹಾಕಿದಿರಿ. ಮೂವತ್ತೇಳು ಮನೆ ಬೇಲಿಯ ಹೊರಗೆ ಉಳಿದವು. ಅಂದಿನಿಂದ ನಾವು ಬೇಲಿಗೆ ಹೊರಗಿನವರು, ದೇಶಕ್ಕೆ ಒಳಗಿನವರು. ಗೇಟು ದಿನಕ್ಕೆ ಮೂರು ಸಲ ತೆರೆಯುತ್ತದೆ. ಹೆರಿಗೆ ನೋವು, ಹಾವು ಕಡಿತ, ಮದುವೆ ದಿಬ್ಬಣ ಎಲ್ಲವೂ ಆ ಹೊತ್ತಿಗೆ ಸರಿಯಾಗಿ ಬರಬೇಕು. ಇದನ್ನೂ ನುಂಗಿದೆವು. ಇಪ್ಪತ್ತೆರಡು ವರ್ಷದಿಂದ ಬೀಡಿ ಕಾರ್ಮಿಕರ ಸಂಘಕ್ಕಾಗಿ ಅರ್ಜಿ ಬರೆದು ಸವೆದ ಕೈ ನನ್ನದು. ಈ ಬೇಲಿಯ ಬಗ್ಗೆಯೇ ಮೂವತ್ತಕ್ಕೂ ಹೆಚ್ಚು ಬರೆದಿದ್ದೇನೆ. ಅಂಥ ಅನುಭವಸ್ಥೆಯೇ ಈ ಸಲ ಒಂದು ತಪ್ಪು ಮಾಡಿದೆ. ಒಪ್ಪಿಕೊಳ್ಳುತ್ತೇನೆ.

ಕಳೆದ ಚಳಿಗಾಲದಲ್ಲಿ ಚಾಚಾ ಹಾಸಿಗೆ ಹಿಡಿದ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ, ಹೆಣವನ್ನು ಇಳಿಸಿದ ಮೇಲೆ ಗಂಡಸರು ಒಬ್ಬೊಬ್ಬರಾಗಿ ಮೂರು ಮೂರು ಹಿಡಿ ಮಣ್ಣು ಹಾಕುತ್ತಾರೆ. ಅದಕ್ಕೆ ನಾವು 'ಮಣ್ಣು ಕೊಡುವುದು' ಎನ್ನುತ್ತೇವೆ. 'ದಫನಿಗೆ ಹೋಗಿದ್ದೆ' ಎಂದು ನಮ್ಮೂರಲ್ಲಿ ಯಾರೂ ಹೇಳುವುದಿಲ್ಲ, 'ಮಣ್ಣು ಕೊಟ್ಟು ಬಂದೆ' ಎನ್ನುತ್ತಾರೆ. ಜಗಳವಾಡಿದಾಗ ಇರುವ ದೊಡ್ಡ ಬೈಗುಳವೂ ಅದೇ: "ನಿನ್ನ ಮಣ್ಣು ನನಗೆ ಬೇಡ!" ಹಾಗಾಗಿ ನಾನು ಅರ್ಜಿಯಲ್ಲಿ, ಬಾಯಿಗೆ ಬಂದಂತೆ, 'ನನ್ನ ತಂದೆ ತಮ್ಮನಿಗೆ ಮಣ್ಣು ಕೊಡಲು ಗೆರೆಯಾಚೆ ಅರ್ಧ ಗಂಟೆ ಹೋಗಿಬರಲು ಅನುಮತಿ ಬೇಕು' ಎಂದು ಬರೆದೆ.

ನಿಮ್ಮ ಉತ್ತರ ಬಂತು. 'ವಿದೇಶಕ್ಕೆ ಮಣ್ಣು ಸಾಗಿಸಲು ಸಂಬಂಧಿಸಿದ ಇಲಾಖೆಯ ಪ್ರಮಾಣಪತ್ರ ಅಗತ್ಯ. ಮಣ್ಣಿನ ಬಗೆ, ಪ್ರಮಾಣ ಮತ್ತು ಉದ್ದೇಶವನ್ನು ಕಿಲೋಗ್ರಾಂಗಳಲ್ಲಿ ತಿಳಿಸುವುದು.' ಉದ್ದೇಶವನ್ನು ಕಿಲೋಗ್ರಾಂಗಳಲ್ಲಿ! ನಾನು ಓದಿ ಹೇಳಿದಾಗ ಅಬ್ಬಾ ಗಂಭೀರವಾಗಿ, "ಮೊಮೆನಾ, ಬಗೆ ಅಂದ್ರೆ ಎರೆಮಣ್ಣು ಅಂತ ಬರಿ. ಜರಡಿ ಹಿಡಿದೇ ಕಳಿಸ್ತೀವಿ ಅಂತ್ಲೂ ಬರಿ" ಎಂದ. ನಾನು ವಿವರಿಸಿ ಬರೆದೆ. ಮಣ್ಣಲ್ಲ ಸ್ವಾಮಿ, ಅಂತ್ಯಕ್ರಿಯೆ. ಪ್ರಮಾಣ ಮೂರು ಹಿಡಿ. ಮತ್ತೆ ಉತ್ತರ ಬಂತು: 'ಹಿಡಿ ಎಂಬುದು ಅಂಗೀಕೃತ ಮಾಪನವಲ್ಲ.' ನಾಚಿಕೆ ಬಿಟ್ಟು ಅಂಗಡಿಯ ತಕ್ಕಡಿಯಲ್ಲಿ ಅಬ್ಬಾನ ಹಿಡಿಯನ್ನು ತೂಗಿಸಿದೆ. ಮೂರಕ್ಕೆ ಇನ್ನೂರ ಎಂಬತ್ತು ಗ್ರಾಂ. ಅದನ್ನೂ ಬರೆದು ಕಳಿಸಿದೆ. ಆ ಪತ್ರಕ್ಕೆ ನೀವು ಉತ್ತರ ಕೊಡುವ ಮೊದಲೇ ಚಾಚಾ ಕೊಟ್ಟುಬಿಟ್ಟ.

ಸುದ್ದಿ ಹೇಳಿದ್ದು ಆ ಕಡೆಯ ಮಸೀದಿಯ ಮೈಕು. ಮೈಕಿಗೆ ಕಾರ್ಡು ಬೇಕಿಲ್ಲವಲ್ಲ. ಬೆಳಗ್ಗೆ ಏಳೂಕಾಲು ಗಂಟೆ, ಅಬ್ಬಾ ನೀರಲ್ಲಿ ನೆನೆಸಿಟ್ಟ ತಂಗಳನ್ನಕ್ಕೆ ಈರುಳ್ಳಿ ಹಿಸುಕುತ್ತಿದ್ದ. "ಒಂದು ದುಃಖದ ಸುದ್ದಿ" ಎಂದು ಮೈಕು ಶುರುಮಾಡಿದಾಗಲೇ ಅವನ ಕೈ ನಿಂತಿತು. ಹೆಸರು ಹೇಳಿತು. ಏಳೂವರೆಗೆ ತೀರಿಕೊಂಡರು ಎಂದಿತು. ಅವರ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದೆ. ನಮ್ಮಲ್ಲಿ ಏಳೂವರೆ ಇನ್ನೂ ಆಗಿರಲಿಲ್ಲ. ಅಬ್ಬಾ ಈರುಳ್ಳಿಯನ್ನು ತಟ್ಟೆಯ ಅಂಚಿಗಿಟ್ಟು ಹೇಳಿದ: "ಹುಟ್ಟೋವಾಗ ಐದು ವರ್ಷ ತಡ ಮಾಡ್ದ. ಮಿಕ್ಕಿದ್ದಕ್ಕೆಲ್ಲ ಅರ್ಧ ಗಂಟೆ ಮುಂದೆ, ಕಳ್ಳ."

ಮಧ್ಯಾಹ್ನದ ನಮಾಜಾದ ಮೇಲೆ ಗುಂಡಿ ತೋಡಿದ್ದು ಎಲ್ಲಿ ಎಂದು ನಿಮ್ಮ ವರದಿಯಲ್ಲಿಲ್ಲ. ನಾನು ಹೇಳುತ್ತೇನೆ. ಖಬರಸ್ಥಾನದಲ್ಲಿ ತನ್ನ ಅಜ್ಜಿ ತಾತಂದಿರ ಪಕ್ಕದಲ್ಲೇ ಚಾಚಾನಿಗೆ ಜಾಗವಿತ್ತು. ಅಲ್ಲಿ ಬೇಡವೆಂದು ಅವನೇ ಮಕ್ಕಳಿಗೆ ಹೇಳಿದ್ದನಂತೆ. "ಗೆರೆಗೆ ಹತ್ತಿರ ತೋಡ್ರೋ. ಅಣ್ಣನ ತೋಳಲ್ಲಿ ಈಗ ಶಕ್ತಿ ಇಲ್ಲ, ದೂರ ಇದ್ರೆ ಎಸೆಯೋಕಾಗಲ್ಲ." ಕಲ್ಲಿನಿಂದ ಹನ್ನೆರಡು ಅಡಿ ದೂರದಲ್ಲಿ ತೋಡಿದರು. ಸಾಯುವ ಮನುಷ್ಯನೊಬ್ಬ ತನ್ನ ಗೋರಿಯ ಜಾಗವನ್ನು ಅಣ್ಣನ ರಟ್ಟೆಯ ಅಳತೆಗೆ ಗೊತ್ತುಮಾಡಿದ. ನಿಮ್ಮ ಅಳತೆಯವರಲ್ಲಿ ಇಂಥ ಅಳತೆ ತಿಳಿದವನು ಒಬ್ಬನಾದರೂ ಇದ್ದಾನೆಯೇ?

ಅಬ್ಬಾ ನಮ್ಮ ಕುಂಬಳದ ಚಪ್ಪರದ ಕೆಳಗಿನ ಮಣ್ಣು ಬಗೆದು ಹೆಗಲ ಮೇಲಿನ ಗಮ್ಛಾದಲ್ಲಿ ಕಟ್ಟಿಕೊಂಡು ಕಲ್ಲಿನ ಬಳಿ ಹೋಗಿ ನಿಂತ. ಗೆರೆ ದಾಟಲಿಲ್ಲ, ಒಂದು ಬೆರಳಷ್ಟೂ ದಾಟಲಿಲ್ಲ. ನಾನು ಚಪ್ಪರದ ಹಿಂದೆ ನಿಂತು ನೋಡಿದ್ದೇನೆ. ಮೊದಲ ಹಿಡಿ ನಡುವೆಯೇ ಬಿತ್ತು. ಎರಡನೆಯದು ಇಮಾಮರ ಟೋಪಿಯ ಮೇಲೆ ಬಿತ್ತು. ಅವರು ಟೋಪಿ ತೆಗೆದು ಗುಂಡಿಯೊಳಗೆ ಕೊಡವಿ, "ಬಂತು ಭಾಯಿಜಾನ್, ಲೆಕ್ಕಕ್ಕೆ ಬಂತು. ಇನ್ನೊಂದು ಸ್ವಲ್ಪ ಜೋರಾಗಿ!" ಎಂದರು. ಅಳುತ್ತಿದ್ದವರು ನಕ್ಕರು. ಮೂರನೆಯದು ನೇರ ಬಿತ್ತು, ತಮ್ಮನ ಎದೆಯ ಜಾಗಕ್ಕೆ. ಅಷ್ಟರಲ್ಲಿ ನಿಮ್ಮ ಸೀಟಿ ಕೂಗಿತು.

ಸೀಟಿ ಊದಿದ ರಾಜಸ್ಥಾನದ ಆ ಜವಾನನನ್ನು ನಾನು ದೂರುವುದಿಲ್ಲ. ಕಾರ್ಡು ಇಸಿದುಕೊಳ್ಳುವಾಗ ಅವನ ಮುಖ ಕೆಳಗಿತ್ತು. "ಬಾಬಾ, ಬರೀಲೇಬೇಕು. ಏನಂತ ಬರೀಲಿ?" ಎಂದು ಅಬ್ಬಾನನ್ನೇ ಕೇಳಿದ. ಮಣ್ಣು ಎಂದು ಬರೆದರೆ ತೊಂದರೆಯಾದೀತೆಂದು ಹೆದರಿ, ಪಾಪ, ಅವನೇ 'ಗುರುತಿಸಲಾಗದ ವಸ್ತು' ಎಂದು ಬರೆದ. ಅವನ ಕರುಣೆಯನ್ನೇ ಹಿಡಿದು ನೀವು ಆಪಾದನೆ ಮಾಡಿದಿರಿ. ಇದಕ್ಕೂ ಬೇರೆ ತರಬೇತಿ ಇರುತ್ತದೆಯೇ?

ಈಗ ಇನ್ನೂ ದೊಡ್ಡ ಅಪರಾಧವೊಂದನ್ನು ನಾನೇ ಬರೆದುಕೊಡುತ್ತೇನೆ. ಕಳೆದ ಶುಕ್ರವಾರ ಹಾಡಹಗಲೇ ಚಾಚಾನ ಹಿರಿ ಮಗ ಎಕ್ರಾಮುಲ್ ಅಪ್ಪನ ಗೋರಿಯ ಬಳಿ ಬಂದು ಕೂಗಿದ. ಅಬ್ಬಾ ಅವನಿಗೆ ದೊಡ್ಡಪ್ಪ, 'ಬಡೊ ಅಬ್ಬಾ'.

"ಬಡೊ ಅಬ್ಬಾ! ನಾವು ನಾಲ್ಕು ಜನ ಅಣ್ಣತಮ್ಮಂದಿರು ತಲಾ ಮೂರು ಹಿಡಿ ಕಟ್ಟಿದ್ದೀವಿ. ತಗೊಳ್ಳಿ!"

"ಯಾಕೋ?"

"ನಿಮ್ಮದಾದಾಗ ನಮ್ಮನ್ನ ಆ ಕಡೆ ಬಿಡಲ್ಲ. ಮೊದ್ಲೇ ಕೊಟ್ಟಿರ್ತೀವಿ."

"ಲೋ ಹಂದಿ, ನಾನಿನ್ನೂ ಸತ್ತಿಲ್ಲ!"

"ಅವಸರ ಏನಿಲ್ಲ ಬಡೊ ಅಬ್ಬಾ, ಇಟ್ಕೊಂಡಿರಿ!"

ಗಂಟು ಹಾರಿಬಂತು. ಹಿಡಿದವಳು ನಾನು. ಅಬ್ಬಾ ಅದನ್ನು ಬಿಸ್ಕತ್ತಿನ ಡಬ್ಬಿಗೆ ಸುರಿದು, ಮುಚ್ಚಳ ಒತ್ತಿ, ಮಂಚದ ಕೆಳಗಿಟ್ಟ. ಅಂದು ಸಂಜೆ ಮೊದಲ ಬಾರಿಗೆ ಅತ್ತ. ತಮ್ಮ ಸತ್ತಾಗ ಅಳಲಿಲ್ಲ, ಕಾರ್ಡು ಹೋದಾಗ ಅಳಲಿಲ್ಲ. "ನೋಡು ಮೊಮೆನಾ, ನಮ್ಮ ಹುಡುಗರು ಬರಲ್ಲ ಅಂತ ಅವರೇ ಒಪ್ಕೊಂಡುಬಿಟ್ರು" ಎಂದ.

ಮಾನ್ಯರೇ, ನಿಮ್ಮ ಬೇಲಿ ಗೆದ್ದದ್ದು ಅಂದು. ಮುಳ್ಳುತಂತಿಯಿಂದಲ್ಲ. ಬರಲು ಬಿಡಿ ಎಂದು ಕೇಳುವುದೇ ಬೇಡ ಎಂದು ಹುಡುಗರು ತಾವೇ ತೀರ್ಮಾನಿಸಿಕೊಂಡರಲ್ಲ, ಅದರಿಂದ. ನಾನು ಒಪ್ಪುವುದಿಲ್ಲ. ನಾನು ಕೇಳುತ್ತೇನೆ, ಬಹಿರಂಗವಾಗಿ, ಊರೆಲ್ಲ ಓದುವ ಹಾಗೆ.

ಸೋಮವಾರದ ಒಳಗೆ ಅಬ್ಬಾನ ಕಾರ್ಡು ಅವನ ಕೈಗೆ ಬರಬೇಕು, ಅವನ ಎದೆಗೆ ಡಾಕ್ಟರ ಕಿವಿ ತಾಗಬೇಕು. ವಿಚಾರಣೆ ಮಾಡಲೇಬೇಕೆಂದಿದ್ದರೆ ಗೇಟಿನ ಕೀಲಿ ನಿಮ್ಮಲ್ಲಿದೆ, ಕಾಲೂ ನಿಮಗಿದೆ. ನಮ್ಮ ಮನೆಗೆ ಬನ್ನಿ. ಅಬ್ಬಾ ಚಾಪೆ ಹಾಸುತ್ತಾನೆ, ಅವನಪ್ಪನ ಚಾಳಿ ಬಿಟ್ಟಿಲ್ಲ. ಇನ್ನೊಂದು ಬೇಡಿಕೆ. ಅಬ್ಬಾ ತೀರಿಕೊಂಡ ದಿನ, ಅದು ಯಾವಾಗಲಾದರೂ ಆಗಲಿ, ಚಪ್ಪರದ ಹಿಂದೆ ಅವನನ್ನು ಇಳಿಸುವಾಗ ಎಕ್ರಾಮುಲ್ ಮತ್ತವನ ಮೂವರು ತಮ್ಮಂದಿರನ್ನು ಕಲ್ಲಿನ ಈಚೆಗೆ ಬಿಡುತ್ತೇವೆಂದು ಲಿಖಿತ ಅನುಮತಿ ಈಗಲೇ ಕೊಡಿ. ಪ್ರಮಾಣ ಕೇಳುವವರಲ್ಲವೇ ನೀವು? ಬರೆದುಕೊಳ್ಳಿ: ಮನುಷ್ಯರು ನಾಲ್ಕು, ದೂರ ಹನ್ನೆರಡು ಅಡಿ, ಹೊತ್ತು ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ನಿಮ್ಮ ದೇಶದ ಹೊತ್ತಿನಿಂದ ಕೊಡುವುದೂ ಬೇಡ. ಎರಡು ಗಡಿಯಾರಗಳ ನಡುವೆ ದಿನವೂ ಒಂದು ಅರ್ಧ ಗಂಟೆ ಯಾರಿಗೂ ಸೇರದೆ ಬಿದ್ದಿರುತ್ತದೆ. ಅದನ್ನೇ ಕೊಡಿ.

ಡಬ್ಬಿ ಮಂಚದ ಕೆಳಗೇ ಇದೆ. ವಿದೇಶಿ ಮಣ್ಣು, ಪ್ರಮಾಣಪತ್ರವಿಲ್ಲದ್ದು, ಹನ್ನೆರಡು ಹಿಡಿ. ಬಂದು ಜಪ್ತಿ ಮಾಡಿ, ನಾನು ತಡೆಯುವುದಿಲ್ಲ. ಡಬ್ಬಿಯಿಂದ ಸುರಿದರೆ ಅದು ಬರೀ ಮಣ್ಣೇ, ಕೊಡುವುದಕ್ಕೆ ಆ ಹುಡುಗರ ಕೈ ಬೇಕು. ನನ್ನ ಅರ್ಜಿಯಲ್ಲಿ ಆದ ತಪ್ಪು ಈಗ ತಿದ್ದಿಕೊಳ್ಳುತ್ತೇನೆ. 'ಮಣ್ಣು' ಎಂದು ಬರೆದಿರುವ ಕಡೆಯಲ್ಲೆಲ್ಲ ದಯವಿಟ್ಟು 'ಕೈ' ಎಂದು ಓದಿಕೊಳ್ಳಿ.

ಇಂತಿ,
ಎಸೆದವನ ಮಗಳು, ಹಿಡಿದ ಕಳ್ಳಿ,
ಮೊಮೆನಾ ಖಾತುನ್
ಶಾಲುಕ್‌ಡಾಂಗಾ, ಬೇಲಿಯ ಹೊರಗೆ, ಭಾರತದ ಒಳಗೆ