ಬಟ್ಟಲಿನ ತಳದ ಮಾತು

ಅಬ್ಜು ಊರು, ನೈಲ್ ದಂಡೆ
ನೆರೆ ಇಳಿದ ಎರಡನೇ ತಿಂಗಳು, ಒಂಬತ್ತನೇ ದಿನ

ಪ್ರೀತಿಯ ಅಮ್ಮಾ,

ಪಡುವಣದಲ್ಲಿ, ಸತ್ತವರ ಸೀಮೆಯಲ್ಲಿ ಹೇಗಿದ್ದೀ? ಮೊಣಕಾಲು ನೋವು ಅಲ್ಲಿಗೂ ಬಂತಾ, ಇಲ್ಲೇ ಬಿಟ್ಟುಹೋದೆಯಾ? ನಾನು, ನಿನ್ನ ಮಗ ಅಂಖು, ಚೆನ್ನಾಗಿದ್ದೇನೆ. ಅಕ್ಷರ ಸೊಟ್ಟಗಾದರೆ ಬೈಯಬೇಡ. ಉಗ್ರಾಣದ ಮಡಕೆಗಳ ಮೇಲೆ ‘ಜೇನು’, ‘ಎಣ್ಣೆ’ ಎಂದು ಬರೆದು ಹೊಟ್ಟೆ ಹೊರೆಯುವವನಿಗೆ ಇಷ್ಟುದ್ದ ಬರೆದು ಅಭ್ಯಾಸವಿಲ್ಲ. ನಿನಗೆ ಊಟ ಇಡುವ ಬಟ್ಟಲಿನ ಒಳಮೈಯಲ್ಲೇ ಅಂಚಿನಿಂದ ಸುತ್ತುತ್ತಾ ಕೆಳಗೆ ಬರುತ್ತಿದ್ದೇನೆ. ನೀನು ತಿಂದ ಹಾಗೆಲ್ಲ ಓದುತ್ತಾ ಹೋಗು.

ಮೊದಲು ಸಿಹಿಸುದ್ದಿ. ನಿನ್ನ ಸೊಸೆ ಸೆನೆಬ್ತಿ ಬಸುರಿ. ಒಂದು ಚೀಲ ಜವೆ, ಒಂದು ಚೀಲ ಗೋಧಿ ಇಟ್ಟು ಹತ್ತು ದಿನ ಬೆಳಿಗ್ಗೆ ಎದ್ದು ಅದರ ಮೇಲೆ ಉಚ್ಚೆ ಹೊಯ್ದಳು. ನಿನ್ನೆ ಎರಡೂ ಮೊಳೆತವು ಕಣಮ್ಮಾ, ಬಸಿರು ನಿಜ. ನಾನು ಓಣಿಯಲ್ಲೇ ಕುಣಿದುಬಿಟ್ಟೆ, ಕುಂಬಾರರ ಮನೆಯವರೆಲ್ಲ ಹೊರಗೆ ಬಂದು ನೋಡಿದರು. ಅವಳು ಮಾತ್ರ ನಗಲಿಲ್ಲ. ನೀನು ಹೋದಮೇಲೆ ಎರಡು ಸಲ ಬಸಿರು ನಿಂತು, ಎರಡು ಸಲವೂ ಇಳಿದುಹೋಗಿದೆ. ಅತ್ತೆಗೆ ತನ್ನ ಮೇಲಿನ ಸಿಟ್ಟು ಇನ್ನೂ ಆರಿಲ್ಲ, ಇದನ್ನೂ ಉಳಿಯಗೊಡುವುದಿಲ್ಲ ಎಂದು ಅವಳ ಭಯ. ನೀನೇನು ಕಡಿಮೆಯವಳಾ? ಮದುವೆಯಾದ ವಾರಕ್ಕೇ, “ಇವಳ ಕೈ ರೊಟ್ಟಿ ನಾನು ಸತ್ತರೂ ತಿನ್ನಲ್ಲ” ಅಂದೆ. ಕಣ್ಣು ಮುಚ್ಚುವ ತನಕ ನಿನ್ನ ರೊಟ್ಟಿ ನೀನೇ ಸುಟ್ಟುಕೊಂಡೆ.

ಅವಳ ಸಮಾಧಾನಕ್ಕೆಂದು ಇವತ್ತು ಬೆಳಿಗ್ಗೆ ಇಬ್ಬರೂ ನಿನ್ನ ಗೋರಿಗೆ ಹೋದೆವು. ನಾನೋ ಎರಡು ವರ್ಷದಿಂದ ಹಳೆಯದರ ಮೇಲೇ ಬಡಿಸಿ ಬರುತ್ತಿದ್ದ ಸೋಮಾರಿ. ಅವಳು ಬಟ್ಟಲು ತಿಕ್ಕಿ ತೊಳೆದು, “ಇದೇನ್ರೀ, ತಳದಲ್ಲಿ ಏನೋ ಬರೆದಿದೆ, ಓದಿ” ಅಂದಳು. ಓದಿದೆ. ‘ಇದು ಹೆನುತ್‌ಳ ಊಟ’ ಎಂದಿತ್ತು. ನಮ್ಮ ಪಕ್ಕದ ಮನೆ ಹೆನುತ್, ನೀನು ಮೂವತ್ತು ವರ್ಷ ನೀರಿಗಾಗಿ ಜಗಳ ಕಾದ ಅದೇ ಹೆನುತ್. ನೀವಿಬ್ಬರೂ ಒಂದೇ ವಾರದಲ್ಲಿ ಹೋದಿರಿ, ಎರಡು ಬಟ್ಟಲಿಗೂ ನಾನೇ ಹೆಸರು ಬರೆದೆ, ಅಳುವ ಭರದಲ್ಲಿ ಅದಲುಬದಲು ಮಾಡಿದೆ. ಯಾರ ಹೆಸರಿದೆಯೋ ಅವರಿಗೇ ತಾನೆ ಊಟ ಸೇರುವುದು? ನಾನಿಟ್ಟ ಬಾತುಕೋಳಿಯೆಲ್ಲ ಆ ಮಹಾತಾಯಿ ಹೊಟ್ಟೆಗೆ ಹೋಯಿತು. ನಿನಗೆ ಸಿಕ್ಕಿದ್ದು ಅವಳ ಜಿಪುಣ ಮಗ ಹಬ್ಬಕ್ಕೊಂದು ಇಡುವ ಒಣ ಈರುಳ್ಳಿ. ಹೊಟ್ಟೆಗಿಲ್ಲದವಳಿಗೆ ಸಿಟ್ಟು ಬರದೆ ಇನ್ನೇನು ಬರುತ್ತದೆ? ತಪ್ಪು ನನ್ನದು, ಸೆನೆಬ್ತಿಯದಲ್ಲ. ಹೊಟ್ಟೆಗೆ ಹಾಕಿಕೋ ಅಮ್ಮಾ.

ಈ ಹೊಸ ಬಟ್ಟಲಿನ ಅಂಚಿಗೆ ‘ಮೇರೆತ್’ ಎಂದು ನಿನ್ನ ಹೆಸರು ದಪ್ಪಗೆ ಬರೆದು ಮೂರು ಸಲ ಓದಿದ್ದೇನೆ. ಬಾತುಕೋಳಿ, ಅಂಜೂರ, ಬಿಸಿ ರೊಟ್ಟಿ ಇದೆ. ಹಸಿದ ಹೊಟ್ಟೆ, ನಿಧಾನಕ್ಕೆ ತಿನ್ನು. ಹೆನುತ್ ಎದುರಿಗೆ ಸಿಕ್ಕರೆ ಕೂದಲು ಹಿಡಿಯಬೇಡ. ಅಪ್ಪನಿಗೂ ಎರಡು ತುತ್ತು ಕೊಟ್ಟು, ನಾನು ಕಾಲಿಗೆ ಬಿದ್ದೆನೆಂದು ಹೇಳು.

ನಿನ್ನ ಮರೆಗುಳಿ ಮಗ,
ಅಂಖು

ತಾ.ಕ.: ತಳದಲ್ಲಿ ಇಷ್ಟೇ ಜಾಗ ಉಳಿದಿದೆ. ಇದನ್ನು ಓದುತ್ತಿದ್ದೀ ಅಂದರೆ ಬಟ್ಟಲು ಖಾಲಿಯಾಗಿದೆ. ಆ ರೊಟ್ಟಿ ಸೆನೆಬ್ತಿ ಮಾಡಿದ್ದು. ಸತ್ತರೂ ತಿನ್ನಲ್ಲ ಅಂದವಳು ಪೂರ್ತಿ ತಿಂದೆ. ಉಂಡ ಮನೆಗೆ ಎರಡು ಬಗೆಯಬೇಡಮ್ಮಾ, ಈ ಕೂಸನ್ನು ಉಳಿಸಿಕೊಡು.