ಖಾಸಿಂ ಬೀಯ ಎಡಗಾಲು

ರಾಯಚೂರು
ಬುಧವಾರ, ೧೫ ಮೇ ೨೦೨೪

ಯವ್ವಾ,

ನೀನು ಚೆನ್ನಾಗಿದ್ದೀ ಎಂದುಕೊಂಡೇ ಬರೆಯುತ್ತಿದ್ದೇನೆ, ನಾನು ಮಾತ್ರ ಚೆನ್ನಾಗಿಲ್ಲ. ಗಾಬರಿಯಾಗಬೇಡ, ನನ್ನ ಮೈಗೆ ಏನೂ ಆಗಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೇನೆ. ಫೋನ್ ಮಾಡಬಹುದಿತ್ತು, ಆದರೆ ನೀನು ಸ್ಪೀಕರ್ ಹಾಕಿ ಕಟ್ಟೆಯ ಮೇಲೆ ಇಡುತ್ತೀ, ಗಬ್ಬೂರಿನ ಅರ್ಧ ಓಣಿ ನನ್ನ ಮಾತು ಕೇಳುತ್ತದೆ. ಇದು ಓಣಿ ಕೇಳುವ ಮಾತಲ್ಲ. ತಡವಾದರೂ ಚಿಂತೆಯಿಲ್ಲ, ಒಂದೊಂದೇ ಅಕ್ಷರ ಕೂಡಿಸಿ ನೀನೇ ಓದು. ಪಕ್ಕದ ಮನೆಯ ಸವಿತಾಳ ಕೈಗೆ ಕೊಡಬೇಡ.

ಪಿಯುಸಿ ಆಯಿತು, ಮುಂದೆ ನರ್ಸಿಂಗೋ ಫಿಸಿಯೋಥೆರಪಿಯೋ ಎಂದು ನಾನು ತಲೆ ಕೆಡಿಸಿಕೊಂಡಿದ್ದಾಗ ಕಾಲೇಜಿನ ಸರ್ ನನ್ನನ್ನು ಅನುರಾಧಾ ಮೇಡಂ ಹತ್ತಿರ ಕಳಿಸಿದ್ದು ನಿನಗೆ ಗೊತ್ತು. ಆಪರೇಷನ್ ಆದವರನ್ನು, ಲಕ್ವಾ ಹೊಡೆದವರನ್ನು ಮತ್ತೆ ನಡೆಸುವವರು ಅವರು. ಹದಿನೈದು ದಿನ ಅವರ ಸ್ಕೂಟರಿನ ಹಿಂದೆ ಕೂತು ತಿರುಗಿ ಕೆಲಸ ನೋಡುವುದು, ಅಷ್ಟೇ. ಮೊದಲ ದಿನವೇ ಮೇಡಂ ಹೇಳಿದ್ದರು: "ನೋಡು, ಕೇಳು, ಬರಕೋ. ಪೇಷಂಟಿಗೆ ಕೈ ಮಾತ್ರ ಹಚ್ಚಬ್ಯಾಡ." ನಾನು ಹೂಂ ಅಂದಿದ್ದೆ. ಒಳಗೊಳಗೆ ನಗು ಬಂದಿತ್ತು. ಊರಿನ ಬಾಣಂತಿಯರನ್ನೂ ಕೂಸುಗಳನ್ನೂ ತಿಕ್ಕಿ ನೀರು ಹಾಕುವ ಸೂಗಮ್ಮನ ಮಗಳಿಗೆ ಈ ಮಾತೇ!

ಇವತ್ತು ಬೆಳಿಗ್ಗೆ ಕಲ್ಮಲಕ್ಕೆ ಹೋಗಿದ್ದೆವು. ಅಲ್ಲಿ ಖಾಸಿಂ ಬೀ ಎಂಬ ಮುದುಕಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದು, ಆಪರೇಷನ್ ಆಗಿ ಮೂರು ವಾರ. ಮೇಡಂ ಫೋನ್ ಬಂತೆಂದು ಅಂಗಳಕ್ಕೆ ಹೋದರು. ಸೊಸೆ ಜೈಬುನ್ನೀಸಾ ಒಳಗೆ ಚಹಾ ಕಾಸುತ್ತಿದ್ದಳು. ಎಡಗಾಲಿನ ಮೀನಖಂಡ ಬಹಳ ಸೆಳೆಯುತ್ತದೆ, ಸ್ವಲ್ಪ ತಿಕ್ಕು ಎಂದು ಖಾಸಿಂ ಬೀ ಬೇಡಿಕೊಂಡರು. ಇಲ್ಲ ಅನ್ನಲು ಮನಸ್ಸು ಬರಲಿಲ್ಲ. ಎಣ್ಣೆ ಇರಲಿಲ್ಲ. ಬರಿಗೈಯಲ್ಲೇ ಹಿಮ್ಮಡಿಯಿಂದ ಮೊಣಕಾಲಿನ ತನಕ, ನೀನು ಕಲಿಸಿದ ಹಾಗೆಯೇ, ಹತ್ತು ನಿಮಿಷ ಗಟ್ಟಿಯಾಗಿ ತಿಕ್ಕಿದೆ. ಕಾಲು ಬಿಸಿ ಇತ್ತು, ಬಾತಿತ್ತು. ನನ್ನ ಕಣ್ಣಿಗೆ ಮಣ್ಣು ಬೀಳಲಿ, ಅದು ಯಾಕೆ ಹಾಗಿದೆ ಎಂದು ಯೋಚಿಸಲೇ ಇಲ್ಲ.

ಮೇಡಂ ಒಳಗೆ ಬಂದು ಕಾಲು ನೋಡಿದ್ದೇ ಟೇಪು ಹಿಡಿದು ಎರಡೂ ಮೀನಖಂಡ ಅಳೆದರು. ಎಡಗಾಲು ಬಲಗಾಲಿಗಿಂತ ನಾಲ್ಕು ಸೆಂಟಿಮೀಟರು ಹೆಚ್ಚು ದಪ್ಪ. ಮೇಡಂ ಮುಖ ಗಂಭೀರವಾಯಿತು. "ಯಾರರ ತಿಕ್ಕೀರೇನು? ಖರೇ ಹೇಳ್ರಿ," ಎಂದು ಕೇಳಿದರು. ಖಾಸಿಂ ಬೀ ಒಂದು ಸಲ ನನ್ನ ಕಡೆ ನೋಡಿದರು. "ಯಾರೂ ಮುಟ್ಟಿಲ್ರಿ ಮೇಡಂ," ಅಂದುಬಿಟ್ಟರು. ನಾನು ತಲೆ ತಗ್ಗಿಸಿ ಟೇಪು ಸುತ್ತತೊಡಗಿದೆ.

ಖಾಸಿಂ ಬೀಯನ್ನು ಆಸ್ಪತ್ರೆಗೆ ತಂದ ಮೇಲೆ ಮೇಡಂ ನನಗೆ ಬಿಡಿಸಿ ಹೇಳಿದರು. ಆಪರೇಷನ್ ಆಗಿ ಮಲಗಿದವರ ಕಾಲಿನ ರಕ್ತನಾಳದಲ್ಲಿ ಒಮ್ಮೊಮ್ಮೆ ರಕ್ತ ಹೆಪ್ಪುಗಟ್ಟುತ್ತದಂತೆ. ಹಾಗಾದ ಕಾಲನ್ನು ತಿಕ್ಕಿದರೆ ಆ ಗಡ್ಡೆ ಕಿತ್ತುಕೊಂಡು ಎದೆಗೆ ಹೋಗಿ, ಉಸಿರು ಕಟ್ಟಿ ಜೀವವೇ ಹೋಗಬಹುದಂತೆ. "ಪುಣ್ಯಾಕ್ಕ ಯಾರೂ ತಿಕ್ಕಿಲ್ಲ," ಅಂದರು. ಯವ್ವಾ, ನಾನು ನನ್ನ ಕೈಗಳನ್ನೇ ನೋಡಿಕೊಂಡೆ.

ಸ್ಕ್ಯಾನ್ ಆಯಿತು. ಗಡ್ಡೆ ಇದೆ. ಔಷಧಿ ಶುರು ಮಾಡಿದ್ದಾರೆ. ವಾರ್ಡಿನ ಬಾಗಿಲು ತೆರೆದಾಗಲೆಲ್ಲ ಯಾರು ಹೊರಗೆ ಬಂದರೆಂದು ಕತ್ತೆತ್ತಿ ನೋಡುತ್ತೇನೆ. ಖಾಸಿಂ ಬೀ ಒಂದು ಸಲ ಕೆಮ್ಮಿದ್ದು ಕೇಳಿಸಿತು, ನಾನು ಎದ್ದೇ ನಿಂತೆ. ಮೇಡಂಗೆ ಹೇಳಲೇಬೇಕು, ಗೊತ್ತು. ಹೇಳಿದರೆ ಇಂಥ ಹುಡುಗಿ ಆಸ್ಪತ್ರೆಯ ಹೊಸ್ತಿಲು ತುಳಿಯುವುದೇ ಬೇಡ ಅನ್ನುತ್ತಾರೆ. ಹೇಳದೆ ಇದ್ದು ಆ ಮುದುಕಿಗೆ ಏನಾದರೂ ಆದರೆ? ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಆದರೆ ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿರುವವರು ಅವರು.

ನಿನಗೂ ಒಂದು ಮಾತು. ಸಿಟ್ಟಾಗಬೇಡ. ಕೂಸುಗಳಿಗೆ ನೀರು ಹಾಕು, ಯಾರೂ ಬೇಡ ಅನ್ನುವುದಿಲ್ಲ. ಆದರೆ ಬಾಣಂತಿಯಾಗಲಿ, ಆಪರೇಷನ್ ಆದವರಾಗಲಿ, ಒಂದೇ ಕಾಲು ಬಾತು ಬಿಸಿಯಾಗಿದ್ದರೆ ಮುಟ್ಟಬೇಡ, ದವಾಖಾನೆಗೆ ಕಳಿಸು. ನಿನ್ನ ಕೈಗುಣಕ್ಕೆ ಹೆಸರಿಡುತ್ತಿಲ್ಲ ಯವ್ವಾ. ನನಗೆ ಹೆದರಿಕೆಯಾಗಿದೆ, ಅಷ್ಟೇ.

ಈ ಪತ್ರವನ್ನು ಸಂಜೆಯ ದೇವದುರ್ಗ ಬಸ್ಸಿನ ಕಂಡಕ್ಟರ್ ಅಣ್ಣನ ಕೈಯಲ್ಲಿ ಕಳಿಸುತ್ತೇನೆ.

ನಿನ್ನ ಮಗಳು,
ವಿಶಾಖಾ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಖಾಸಿಂ ಬೀ ತಿಕ್ಕು ಎಂದು ಕೇಳಲೇ ಇಲ್ಲ. "ಬ್ಯಾಡವ್ವಾ, ಮೇಡಂ ಬೈತಾರ," ಎಂದು ಎರಡು ಸಲ ನನ್ನ ಕೈ ಸರಿಸಿದರು. "ನಾ ಸೂಗಮ್ಮನ ಮಗಳದೀನಿ, ಏನೂ ಆಗಲ್ಲ, ಸುಮ್ಕಿರ್ರಿ," ಎಂದು ನಾನೇ ತಿಕ್ಕಿದ್ದು. ನನ್ನ ಕೈಚಳಕ ತೋರಿಸಬೇಕಿತ್ತು. ಅವರು ಸುಳ್ಳು ಹೇಳಿದ್ದೂ ನನ್ನನ್ನು ಉಳಿಸಲಿಕ್ಕೇ. ಈಗಷ್ಟೇ ಎದ್ದು ಹೋಗಿ ಮೇಡಂಗೆ ಎಲ್ಲ ಹೇಳಿದೆ. ಕಪಾಳಕ್ಕೆ ಬಾರಿಸುತ್ತಾರೆ ಎಂದು ಕಣ್ಣು ಮುಚ್ಚಿ ನಿಂತಿದ್ದೆ. ಅವರು ಬೈಯಲಿಕ್ಕೂ ನಿಲ್ಲದೆ ವಾರ್ಡಿನ ಕಡೆ ಓಡಿದರು. ಬೈದಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ ಯವ್ವಾ.