ನಾಬ್ ಇಲ್ಲದ ಸ್ಟೌವೂ ಬಿಸ್ಕತ್ತಿನ ಉಂಡೆಯೂ

ಮಗರಾಯ,

ಒಂದೇ ಒಂದು ದಿನ ಹಾಲು ಸೀದುಹೋಗಿದ್ದಕ್ಕೆ ಸ್ಟೌವಿನ ನಾಬ್‌ಗಳನ್ನೇ ಕಿತ್ತು ಆಫೀಸಿನ ಬ್ಯಾಗಿಗೆ ಹಾಕ್ಕೊಂಡು ಹೋಗ್ತೀಯಲ್ಲ, ಇಟ್ಕೋ, ಜೋಪಾನ ಮಾಡ್ಕೋ. ಬೆಂಕಿ ಇಲ್ಲ ಅಂತ ನಿಮ್ಮಮ್ಮ ಕೈ ಕಟ್ಟಿ ಕೂರ್ತಾಳೆ ಅಂದ್ಕೊಂಡ್ಯಾ?

ಫ್ರಿಜ್ಜಿನಲ್ಲಿ ಬಿಸ್ಕತ್ತಿನ ಉಂಡೆ ಇದೆ. ಬಿಸ್ಕತ್ತು ಕುಟ್ಟಿ, ಕೋಕೋ ಪುಡಿ, ಸಕ್ಕರೆ, ಬೆಣ್ಣೆ ಹಾಕಿ ಕಲಸಿ ಕಟ್ಟಿದ್ದು, ಅಷ್ಟೇ. ಇನ್ನೂ ಗಟ್ಟಿಯಾಗಬೇಕು, ನಾವು ಬರೋವರೆಗೂ ಮುಟ್ಟಬೇಡ. ನಿನ್ನ ಹೆಂಡತಿ ಮೊದಲು ಬಂದರೆ ಅವಳು ತಿನ್ನಲಿ. ಅವಳಾದರೂ ನನ್ನ ಪರ ಒಂದು ಮಾತಾಡಿದಳು.

ಕಲಸಿದ ಪಾತ್ರೆ ಸಿಂಕಿನಲ್ಲೇ ಇದೆ. ತೊಳೆಯೋದು ನೀನೇ.

ಮೇಜಿನ ಮೇಲೆ ಗೋಂದು ಒಣಗಿಲ್ಲ, ಮೊಣಕೈ ಊರಬೇಡ. ರಜೆಗೆ ನಿನ್ನ ಮಗಳು ಕೇಳಿದ್ದ ಕಾಗದದ ನಕ್ಷತ್ರದ ಮಾಲೆ ಹಳೇ ಕ್ಯಾಲೆಂಡರಿನ ಹಾಳೆಯಲ್ಲೇ ಆಯ್ತು. ಅವಳನ್ನ ಸ್ಕೂಲಿಂದ ಕರ್ಕೊಂಡು ಬರೋಕೆ ಹೊರಟೆ, ನಡ್ಕೊಂಡೇ. ಫೋನ್ ಮಾಡಿ ತಲೆ ತಿನ್ನಬೇಡ.

ಸ್ಟೂಲ್ ಹತ್ತಬೇಡ ಅಂದಿದ್ದೆಯಲ್ಲ, ಹತ್ತಿಲ್ಲ. ಮಾಲೆಯನ್ನ ಅಡುಗೆಮನೆ ಬಾಗಿಲಿಗೆ ಅಡ್ಡವಾಗಿ, ನನ್ನ ಕೈಗೆಟುಕೋ ಎತ್ತರಕ್ಕೇ ಕಟ್ಟಿದ್ದೀನಿ. ಬಿಚ್ಚಿದರೆ ನೋಡು! ಇನ್ಮೇಲೆ ನನ್ನ ಅಡುಗೆಮನೆಗೆ ಬರೋದಾದರೆ ತಲೆ ಬಗ್ಗಿಸಿ ಬಾ.

ಅಮ್ಮ